ಮನೆಮಂದಿ ಗುಂಪಿನಲ್ಲಿ ಗಾಂಧಿ ಜಗಳ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಿನ್ನೆ ನಡೆದದ್ದನ್ನು ಹಾಗೇ ಹಾಕುತ್ತಿದ್ದೇನೆ. ಹೆಸರು ಮಾತ್ರ ತೆಗೆದಿದ್ದೇನೆ.

ಸಣ್ಣ ಕಾಕಾ (ಫಾರ್ವರ್ಡ್): "ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ತೋರಿಸು – ಗಾಂಧಿ." ಕೆನ್ನೆ ತೋರಿಸಿದ್ದಕ್ಕೆ ಬ್ರಿಟಿಷರು ಓಡಿಹೋದರಾ? ನಿಜವಾದ ಭಾರತೀಯರಾದರೆ 10 ಜನಕ್ಕೆ ಕಳಿಸಿ.

ಅತ್ತೆ: ಶುಭೋದಯ 🙏🙏

ಅಕ್ಕ: ಕಾಕಾ, ಗಾಂಧಿ ಇದನ್ನು ಎಲ್ಲಿ ಹೇಳಿದ್ದು? ಯಾವ ವರ್ಷ? ಯಾವ ಪತ್ರಿಕೆ?

ಸಣ್ಣ ಕಾಕಾ: ಶುರುವಾಯ್ತು ನಿನ್ನದು. ಬಂದಿತ್ತು, ಕಳಿಸಿದೆ.

ಅಕ್ಕ: ಹೋದ ವರ್ಷ ಕಷಾಯದ ಮೆಸೇಜೂ ಹೀಗೇ "ಬಂದಿತ್ತು". ಅಮ್ಮನ ಹೊಟ್ಟೆ ಮೂರು ದಿನ ಕೆಟ್ಟಿತ್ತು.

ದೊಡ್ಡಪ್ಪ: ಹಿರಿಯರ ಜೊತೆ ಮಾತಾಡುವ ರೀತಿಯಾ ಇದು? ಅಹಿಂಸೆ ಮೊದಲು ನಾಲಿಗೆಯಲ್ಲಿ ಇರಬೇಕು. ಈಗಿನವರಿಗೆ ತಾಳ್ಮೆಯೇ ಇಲ್ಲ.

ಸಣ್ಣ ಕಾಕಾ: ಅಣ್ಣಾ, ನೀವು ತಾಳ್ಮೆ ಮಾತು ಆಡಬೇಡಿ. ಅಪ್ಪನ ಚರಕ ಯಾರನ್ನು ಕೇಳಿ ನಿಮ್ಮ ಮನೆಗೆ ಹೋಯಿತು?

ಹುಬ್ಬಳ್ಳಿ ತಮ್ಮ: ಅಯ್ಯೋ ಆ ಚರಕ! ಅಟ್ಟದ ಮೇಲೆ ಇತ್ತಲ್ವಾ? ಆಗಸ್ಟ್ 15ಕ್ಕೆ ಅಜ್ಜ ಇಳಿಸಿ, ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದರು. ನಾನು ಹಂಜಿ ಹಿಡಿದರೆ ನೂಲು ಪಟ್ ಅಂತ ಹರಿಯುತ್ತಿತ್ತು. "ಎಳೀಬೇಡವೋ, ಕೈ ಸಡಿಲ ಬಿಡು" ಅನ್ನೋರು. ಆಮೇಲೆ ಎಲ್ಲರಿಗೂ ಪೆಪ್ಪರಮೆಂಟು.

ಅತ್ತೆ: ನಿನಗೆ ಎರಡು ಕೊಡುತ್ತಿದ್ದರು. ನಮ್ಮ ಹುಡುಗರಿಗೆ ಒಂದೇ.

ನಾನು: ಒಂದು ನಿಮಿಷ, ದಯವಿಟ್ಟು ಪೂರ್ತಿ ಓದಿ. ಕೆನ್ನೆಯ ಮಾತು ಬೈಬಲ್‌ನದು, ಯೇಸು ಹೇಳಿದ್ದು. ಗಾಂಧಿಗೆ ಅದು ತುಂಬ ಇಷ್ಟವಾಗಿತ್ತು, ನಿಜ. ಆದರೆ 1920ರ ಆಗಸ್ಟ್‌ನಲ್ಲಿ ತಮ್ಮ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಅವರೇ ಬರೆದಿದ್ದಾರೆ: ಹೇಡಿತನ, ಹಿಂಸೆ ಇವೆರಡೇ ದಾರಿ ಉಳಿದರೆ ನಾನು ಹಿಂಸೆಯನ್ನೇ ಸೂಚಿಸುತ್ತೇನೆ ಅಂತ. ಅಹಿಂಸೆ ಅಂದರೆ ಹೆದರಿ ಸುಮ್ನೆ ಇರುವುದಲ್ಲ, ಕಾಕಾ. ಉಪ್ಪಿನ ಸತ್ಯಾಗ್ರಹದಲ್ಲಿ, 1930ರ ಮೇ 21ರಂದು ಗುಜರಾತಿನ ಧರಾಸಣದಲ್ಲಿ ಸಾಲು ಸಾಲಾಗಿ ಜನ ಉಪ್ಪಿನ ಕೋಠಿಯ ಕಡೆ ನಡೆದರು. ಲಾಠಿ ತಲೆಯ ಮೇಲೇ ಬೀಳುತ್ತಿತ್ತು. ಏಟು ತಡೆಯಲು ಕೂಡ ಕೈ ಎತ್ತಲಿಲ್ಲ. ಒಂದು ಸಾಲು ಬಿದ್ದರೆ ಹಿಂದಿನ ಸಾಲು ಮುಂದೆ ಬರುತ್ತಿತ್ತು. ಅಮೆರಿಕದ ವರದಿಗಾರ ವೆಬ್ ಮಿಲ್ಲರ್ ಅಲ್ಲೇ ನಿಂತು ನೋಡಿ ಬರೆದ. ಜಗತ್ತೆಲ್ಲ ಓದಿತು. ಎದುರಿಗೆ ಬರುತ್ತಿರುವ ಲಾಠಿ ಕಂಡೂ ಕೈ ಕೆಳಗೇ ಇಟ್ಟುಕೊಳ್ಳುವುದು ನಮ್ಮಲ್ಲಿ ಯಾರಿಂದ ಆಗುತ್ತೆ?

ಅಕ್ಕ: 👏 ನೋಡಿ, ವರ್ಷ, ಪತ್ರಿಕೆ ಎರಡೂ ಇದೆ.

ಸಣ್ಣ ಕಾಕಾ: ನೀವಿಬ್ಬರೂ ಮೊದಲಿಂದಲೂ ಒಂದೇ ಪಾರ್ಟಿ. ಮೈಲಾರ ಮಹಾದೇವಪ್ಪ ನಮ್ಮ ಹಾವೇರಿ ಕಡೆಯವನೇ. ಅವನು ಗುಂಡು ತಿಂದು ಸತ್ತನಲ್ಲ, ಅದಕ್ಕೇನು ಹೇಳ್ತೀ?

ನಾನು: ಒಳ್ಳೆಯ ಹೆಸರು ತೆಗೆದಿರಿ. ಮೋಟೆಬೆನ್ನೂರಿನ ಆ ಹುಡುಗ 1930ರಲ್ಲಿ ಸಾಬರಮತಿಯಿಂದ ದಂಡಿಗೆ ಗಾಂಧಿಯ ಜೊತೆ ನಡೆದ. ಸುಮಾರು 385 ಕಿಲೋಮೀಟರ್, 24 ದಿನ. ಆಗ ಅವನಿಗೆ 20 ಕೂಡ ತುಂಬಿರಲಿಲ್ಲ. ಕರ್ನಾಟಕದಿಂದ ಆ ತಂಡದಲ್ಲಿದ್ದವನು ಅವನೊಬ್ಬನೇ. ಅದೇ ಮಹಾದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣಕ್ಕೆ ಕೈಹಾಕಲು ಹೋಗಿ ಪೊಲೀಸರ ಗುಂಡಿಗೆ ಸತ್ತ. ಗಾಂಧಿ ಆಗ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧಿ. ದಾರಿ ಬದಲಾಯಿತಾ, ಅಥವಾ ಜೀವ ತೆಗೆಯದೆ ಖಜಾನೆಗೆ ಮಾತ್ರ ಕೈ ಹಾಕಿದರೆ ಅದೂ ಅಹಿಂಸೆಯಾ? 1942ರ ಕ್ವಿಟ್ ಇಂಡಿಯಾ ಚಳವಳಿಯ ಒಳಗೇ ಈ ಜಗಳ ಇತ್ತು. ನನಗೆ ಇದಕ್ಕೆ ಒಂದೇ ಸಾಲಿನ ಉತ್ತರ ಸಿಕ್ಕಿಲ್ಲ. ಆದರೆ ಅವನನ್ನು ಗಾಂಧಿಯ ವಿರುದ್ಧ ನಿಲ್ಲಿಸಬೇಡಿ ಕಾಕಾ. ಅವನು ಮೊದಲು ನಡೆದದ್ದು ಅವರ ಹಿಂದೆಯೇ.

ದೊಡ್ಡಪ್ಪ: ನಮ್ಮಪ್ಪ ಮಹಾದೇವಪ್ಪನ ಹೆಸರು ಹೇಳುವಾಗ ಟೋಪಿ ತೆಗೆಯುತ್ತಿದ್ದ. ಕುಳಿತಿದ್ದರೆ ಎದ್ದು ನಿಲ್ಲುತ್ತಿದ್ದ.

ಹುಬ್ಬಳ್ಳಿ ತಮ್ಮ: ಹೌದು! ನಾನು ನೋಡಿದ್ದೇನೆ.

ಇದಾದ ಮೇಲೆ ಅರ್ಧ ಗಂಟೆ ಯಾರೂ ಏನೂ ಬರೆಯಲಿಲ್ಲ. ನಮ್ಮ ಗುಂಪಿನಲ್ಲಿ ಅದು ಜಾಸ್ತಿ ಹೊತ್ತು.

ದೊಡ್ಡಪ್ಪ: ಭಾನುವಾರ ಚರಕ ತರುತ್ತೇನೆ. ನಿನ್ನ ಮನೆಯಲ್ಲೇ ಇರಲಿ.

ಸಣ್ಣ ಕಾಕಾ: ಕದಿರು ಸಮೇತ ತನ್ನಿ ಅಣ್ಣಾ. ಹಂಜಿ ನಾನು ತರಿಸುತ್ತೇನೆ.

ಅಕ್ಕ: ಆ ಫಾರ್ವರ್ಡ್ ಇನ್ನೂ ಡಿಲೀಟ್ ಆಗಿಲ್ಲ ಕಾಕಾ.