ವಿಜ್ಞಾನ ಪ್ರದರ್ಶನಕ್ಕೆ ಮುಟ್ಟಿದರೆ ಮುನಿ ಒಯ್ದವರು ಯಾರಾದ್ರೂ ಇದೀರಾ?

ಮಗಳು ಎಂಟನೇ ಕ್ಲಾಸು. ಮುಂದಿನ ತಿಂಗಳು ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. "ಪ್ರಚೋದನೆಗೆ ಜೀವಿಗಳ ಚಲನೆ" ಅಂತ ವಿಷಯ ಬಂದಿದೆ. ಮುಟ್ಟಿದರೆ ಮುನಿ ಸಾಕು ಅಂತಾಳೆ. ಮಾಡಿಸಿ ಅನುಭವ ಇದ್ದವರು ದಯವಿಟ್ಟು ಹೇಳಿ.

— ಅಕ್ಕ, ಹೋದ ವರ್ಷ ನಾವು ಅದನ್ನೇ ನಂಬಿ ಕೆಟ್ವಿ. ಗದ್ದೆ ಬದುವಿಂದ ಕಿತ್ತು ಕುಂಡಕ್ಕೆ ಹಾಕಿ, ಆಟೋದಲ್ಲಿ ತೊಡೆ ಮೇಲಿಟ್ಟುಕೊಂಡು ಹೋದೆ. ರಸ್ತೆ ಗುಂಡಿಗಳ ಕುಲುಕಾಟಕ್ಕೇ ಎಲೆಯೆಲ್ಲ ಮಡಚಿಕೊಂಡಿತ್ತು. ಅರ್ಧ ಗಂಟೆ ಸುಮ್ಮನೆ ಬಿಟ್ಟಾಗ ಬಿಚ್ಚಿಕೊಳ್ತು, ಅಷ್ಟರಲ್ಲಿ ಮಕ್ಕಳ ದಂಡು ಬಂತು. ತೀರ್ಪುಗಾರರು ಬಂದಾಗ ತೋರಿಸೋಕೆ ಬಿಚ್ಚಿದ ಎಲೆ ಒಂದೂ ಇಲ್ಲ! ಒಯ್ಯೋದಾದ್ರೆ ಮೂರು ಕುಂಡ ಒಯ್ಯಿರಿ, ಒಂದನ್ನ ಯಾರ ಕೈಗೂ ಸಿಗದ ಹಾಗೆ ಬೇರೆ ಇಡಿ.

— ನಾನು ಹೈಸ್ಕೂಲ್ ಮೇಷ್ಟ್ರು. ಗಿಡಕ್ಕೆ ಸ್ನಾಯು ಇಲ್ಲ, ಎಲೆ ಹೇಗೆ ಮಡಚಿತು ಅಂತ ಕೇಳೇ ಕೇಳ್ತಾರೆ. ಎಲೆ ಬುಡದಲ್ಲಿ ಸಣ್ಣ ಉಬ್ಬು ಇದೆಯಲ್ಲ, ಅಲ್ಲಿನ ಕೆಲವು ಕೋಶಗಳಿಂದ ಪೊಟ್ಯಾಸಿಯಂ ಅಯಾನು ಹೊರಗೆ ಹೋಗುತ್ತೆ, ಅದರ ಬೆನ್ನಿಗೇ ನೀರು. ಗಾಳಿ ಹೋದ ಟ್ಯೂಬಿನ ಹಾಗೆ ಆ ಬದಿ ಸಡಿಲಾಗುತ್ತೆ. ಇದರಲ್ಲಿ ಬೆಳವಣಿಗೆ ಇಲ್ಲ. ಸಸಿ ಬೆಳಕಿನತ್ತ ಬಾಗೋದೇ ಬೇರೆ, ಅದು ದ್ಯುತಿ ಅನುವರ್ತನೆ: ನೆರಳಿನ ಬದಿಯಲ್ಲಿ ಆಕ್ಸಿನ್ ಅನ್ನೋ ಬೆಳವಣಿಗೆ ಹಾರ್ಮೋನು ಹೆಚ್ಚಾಗಿ ಅಲ್ಲಿನ ಕೋಶ ಜಾಸ್ತಿ ಉದ್ದ ಆಗ್ತವೆ. ಎರಡನ್ನೂ ಪಕ್ಕಪಕ್ಕ ಇಡಿಸಿ. ತೂತು ಕೊರೆದ ಶೂ ಡಬ್ಬಿಯೊಳಗೆ ಗೋಧಿ ಮೊಳಕೆ ಇಟ್ಟರೆ ಆಯ್ತು. ಎಲೆ ಒಡೆಯೋ ಮೊದಲೇ ಕೆಲವು ಮೊಳಕೆಗಳ ತುದಿಗೆ ಫಾಯಿಲ್ ಟೋಪಿ ಹಾಕಿ. ಅವು ನೆಟ್ಟಗೇ ಇರ್ತವೆ, ಉಳಿದವು ತೂತಿನ ಕಡೆ ಬಾಗ್ತವೆ. ಡಾರ್ವಿನ್ ತನ್ನ ಮಗ ಫ್ರಾನ್ಸಿಸ್ ಜೊತೆ 1880ರಲ್ಲಿ ಪ್ರಕಟಿಸಿದ್ದು ಇದೇ ಥರದ ಪ್ರಯೋಗ.

— ಗಿಡ ಇದ್ದಲ್ಲೇ ಇರುತ್ತೆ. ಪೂರ್ತಿ ಮೈ ಜಾಗ ಬಿಟ್ಟು ಹೋಗೋದು ನೋಡಬೇಕಂದ್ರೆ ಎರೆಹುಳ ತನ್ನಿ. ಟ್ರೇಗೆ ಒದ್ದೆ ಪೇಪರ್ ಹಾಸಿ, ಅರ್ಧ ಭಾಗಕ್ಕೆ ಕಪ್ಪು ರಟ್ಟು ಮುಚ್ಚಿ. ಕಣ್ಣಿಲ್ಲದಿದ್ರೂ ಚರ್ಮದಲ್ಲೇ ಬೆಳಕು ಗೊತ್ತಾಗಿ ಕತ್ತಲಿಗೆ ಸರೀತಾವೆ. ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್ ಕಟ್ಟಿದ್ರೆ ಅಷ್ಟಾಗಿ ತಲೆ ಕೆಡಿಸಿಕೊಳ್ಳಲ್ಲ. ಪೇಪರ್ ಒಣಗಬಾರದು, ಅವು ಉಸಿರಾಡೋದು ಚರ್ಮದಿಂದಲೇ. ನನ್ನ ಮಗ ಊಟಕ್ಕೆ ಹೋಗಿ ಮರೆತ, ಬರೋಷ್ಟರಲ್ಲಿ ಎರಡು ಸತ್ತಿದ್ವು. ಮುಗಿದ ಮೇಲೆ ತಂದ ಜಾಗಕ್ಕೇ ಬಿಡಿಸಿ.

— ಎಲ್ಲರಿಗೂ ಥ್ಯಾಂಕ್ಸ್. ಗೋಧಿ ಇವತ್ತೇ ನೆನೆಹಾಕಿದೀವಿ. ಎರೆಹುಳದ ಮಾತೆತ್ತಿದ್ದಕ್ಕೇ ಮಗಳು ಮುನಿಸಿಕೊಂಡಿದಾಳೆ.