ಎಬಿಜಿ ರಿಪೋರ್ಟ್ ಕಂಡರೆ ಗಾಬರಿ, ಅನುಭವ ಇರುವವರು ಹೇಳಿ

ಪ್ರಶ್ನೆ: ಬೆಂಗಳೂರಿನ ಒಂದು ಆಸ್ಪತ್ರೆಗೆ ಸ್ಟಾಫ್ ನರ್ಸ್ ಆಗಿ ಸೇರಿದ್ದೇನೆ. ಮುಂದಿನ ವಾರದಿಂದ ಐಸಿಯು, ಅದೂ ನೈಟ್ ಡ್ಯೂಟಿ. ಎಬಿಜಿ, ಅಂದರೆ ಅಪಧಮನಿ ರಕ್ತದ ಗ್ಯಾಸ್ ಟೆಸ್ಟ್, ಅದರ ರಿಪೋರ್ಟ್ ಕೈಗೆ ಬಂದರೆ ತಲೆಯೇ ಓಡಲ್ಲ. ಸಿಒಪಿಡಿಯವರೇ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರು) ಜಾಸ್ತಿ ಬರುತ್ತಾರಂತೆ. ಏನು ನೋಡಿಕೊಳ್ಳಬೇಕು?

ಐಸಿಯುನಲ್ಲಿ 11 ವರ್ಷ: ಗಾಬರಿ ಬೇಡಮ್ಮ. ಮೊದಲು ಮೂರೇ ಅಂಕಿ ನೋಡು. ಪಿಎಚ್ (ಇಳಿದರೆ ರಕ್ತದಲ್ಲಿ ಆಸಿಡ್ ಜಾಸ್ತಿ ಅಂತ) 7.35ರಿಂದ 7.45, ಕಾರ್ಬನ್ ಡೈಆಕ್ಸೈಡ್ 35ರಿಂದ 45, ಆಸಿಡ್ ತಗ್ಗಿಸುವ ಬೈಕಾರ್ಬನೇಟ್ 22ರಿಂದ 26 ಇದ್ದರೆ ನಾರ್ಮಲ್. ಪಿಎಚ್ ಇಳಿದು ಕಾರ್ಬನ್ ಡೈಆಕ್ಸೈಡ್ ಏರಿದ್ದರೆ ತೊಂದರೆ ಉಸಿರಾಟದ್ದು. ಪಿಎಚ್ ಜೊತೆ ಬೈಕಾರ್ಬನೇಟೂ ಇಳಿದಿದ್ದರೆ ಶುಗರ್, ಕಿಡ್ನಿ, ಭೇದಿ, ಆ ಕಡೆ ಹುಡುಕಬೇಕು.

ನಾನು ಮಾಡಿದ ತಪ್ಪು ಹೇಳುತ್ತೇನೆ. ಡಿಸೆಂಬರ್ ಚಳಿಯಲ್ಲಿ ಒಬ್ಬ ತಾತ ಬಂದಿದ್ದರು, ಬೀಡಿ ಸೇದಿ ಸೇದಿ ಸಿಒಪಿಡಿ. ಸ್ಯಾಚುರೇಷನ್, ಅಂದರೆ ರಕ್ತದ ಆಕ್ಸಿಜನ್ ಶೇಕಡಾ ಲೆಕ್ಕ, 86. ಮಗ "ಆಕ್ಸಿಜನ್ ಜಾಸ್ತಿ ಮಾಡಿ ಸಿಸ್ಟರ್" ಅಂತ ಬೆನ್ನು ಬಿದ್ದ. ಮಾಸ್ಕ್ ಹಾಕಿ 8 ಲೀಟರ್‌ಗೆ ತಿರುಗಿಸಿಬಿಟ್ಟೆ. ಮಾನಿಟರ್ 99 ತೋರಿಸಿತು. ಅವನಿಗೂ ಸಮಾಧಾನ, ನನಗೂ ಸಮಾಧಾನ. ತಾತ ತಣ್ಣಗೆ ಮಲಗಿದರು. ಒಂದು ಗಂಟೆ ಬಿಟ್ಟು ಔಷಧಿಗೆ ಎಬ್ಬಿಸಿದರೆ ಕಣ್ಣೇ ಬಿಡುತ್ತಿಲ್ಲ! ಎಬಿಜಿಯಲ್ಲಿ ಕಾರ್ಬನ್ ಡೈಆಕ್ಸೈಡ್ 82, ಪಿಎಚ್ 7.21. ಡ್ಯೂಟಿ ಡಾಕ್ಟರ್ ಬೈಪ್ಯಾಪ್ (ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಾಟಕ್ಕೆ ನೆರವಾಗುವ ಯಂತ್ರ) ಹಾಕಿಸಿದರು. ಬೆಳಗಿನ ಜಾವ ತಾತ "ಕಾಫಿ ಸಿಗುತ್ತಾ" ಅಂದಾಗ ನನಗೆ ಜೀವ ಬಂತು. ಇಂಥವರಿಗೆ ಆಕ್ಸಿಜನ್ ಅತಿಯಾದರೆ ಕಾರ್ಬನ್ ಡೈಆಕ್ಸೈಡ್ ಏರುತ್ತದೆ, ಸ್ಯಾಚುರೇಷನ್ 88ರಿಂದ 92 ಸಾಕು. ಆಕ್ಸಿಜನ್ ಅಳತೆಯಷ್ಟೇ ಕೊಡುವ ವೆಂಚುರಿ ಮಾಸ್ಕ್ ಇದೆಯಾ ಕೇಳು. ತೂಕಡಿಕೆ, ತಲೆನೋವು, ಚಾಚಿದ ಕೈ ಪಟಪಟ ಅಲುಗುವುದು ಕಂಡರೆ ಕಾಯಬೇಡ.

ಮೆಡಿಕಲ್ ವಾರ್ಡ್, ಜಯನಗರ: ಸ್ಯಾಂಪಲ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಸಿರಿಂಜ್‌ನಲ್ಲಿ ಗುಳ್ಳೆ ಉಳಿದರೆ ರಿಪೋರ್ಟೇ ಸುಳ್ಳು. ಗುಳ್ಳೆ ತೆಗೆದು, ಅಂಗೈ ನಡುವೆ ಹೊರಳಿಸಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೆರೆಸಿ, ತಕ್ಷಣ ಲ್ಯಾಬಿಗೆ ಕಳಿಸಿ. ಸೂಜಿ ಚುಚ್ಚಿದ ಜಾಗವನ್ನು 5 ನಿಮಿಷವಾದರೂ ನೀವೇ ಒತ್ತಿ ಹಿಡಿಯಿರಿ, ಮನೆಯವರ ಕೈಗೆ ಹತ್ತಿ ಕೊಟ್ಟು ಹೋಗಬೇಡಿ. ಎಷ್ಟು ಆಕ್ಸಿಜನ್ ಮೇಲಿದ್ದಾರೆ ಅಂತ ಫಾರ್ಮ್‌ನಲ್ಲಿ ಬರೆಯಿರಿ. ಇನ್ನೊಂದು, ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ರಕ್ತದ ಆಕ್ಸಿಜನ್ ಪುಸ್ತಕದ ಅಂಕಿಗಿಂತ ತುಸು ಕಡಿಮೆ ಬಂದರೆ ಬೆಚ್ಚಬೇಡಿ.

ಎಮರ್ಜೆನ್ಸಿ ಸಿಸ್ಟರ್: ಶುಗರ್ ಏರಿ ಕೀಟೋನ್ ಅನ್ನುವ ಆಸಿಡ್ ರಕ್ತದಲ್ಲಿ ಸೇರಿದವರು ಓಡಿ ಬಂದ ಹಾಗೆ ಆಳವಾಗಿ ಉಸಿರಾಡುತ್ತಾರೆ. ಅದು ಬರೀ ಗಾಬರಿಯಲ್ಲ, ದೇಹ ಆಸಿಡ್ ಹೊರಹಾಕುತ್ತಿದೆ. "ನಿಧಾನ ಉಸಿರಾಡಿ" ಅನ್ನಬೇಡಿ. ಆ ಉಸಿರು ಸೋತು ಸಣ್ಣದಾದರೆ ಆಗ ಹೆದರಿ.

ಕೇಳಿದವಳು: ಥ್ಯಾಂಕ್ಸ್ ಅಕ್ಕ. ರಾತ್ರಿ 3ಕ್ಕೆ ಡಾಕ್ಟರ್‌ಗೆ ಫೋನ್ ಮಾಡಿದರೆ ಬೈಯಲ್ವಾ?

ಐಸಿಯುನಲ್ಲಿ 11 ವರ್ಷ: ಬೈತಾರೆ, ಆದರೂ ಮಾಡು. ಪಿಎಚ್, ಕಾರ್ಬನ್ ಡೈಆಕ್ಸೈಡ್, ಎಷ್ಟು ಲೀಟರ್ ಆಕ್ಸಿಜನ್, ಕರೆದರೆ ಓಗೊಡುತ್ತಾರಾ ಇಲ್ಲವಾ, ಈ ನಾಲ್ಕನ್ನೂ ಚೀಟಿಯಲ್ಲಿ ಬರೆದಿಟ್ಟುಕೊಂಡು ಮಾಡು.