ಪದಚರ್ಚೆ: ವೇದಿಕೆಗೆ ಜೋಡಿಸುವುದೋ, ವೇದಿಕೆಯೊಂದಿಗೆ ಜೋಡಿಸುವುದೋ? ಜತೆಗೆ ‘ವೆಬ್‌ಹುಕ್’

ಬಲ್ಲವರಲ್ಲಿ ಒಂದು ಕೋರಿಕೆ.

ಗಿಟ್‌ಹಬ್ ಜಾಲತಾಣದಲ್ಲಿರುವ ಕೋಡ್ ರೆಪೊಸಿಟರಿಯನ್ನು (ತಂತ್ರಾಂಶದ ಕೋಡನ್ನೂ ಅದರ ತಿದ್ದುಪಡಿಗಳ ಚರಿತ್ರೆಯನ್ನೂ ಇಡುವ ಜಾಗ) ಎನ್‌ಏಟ್‌ಎನ್ (n8n), ಜ್ಯಾಪಿಯರ್ ಬಗೆಯ ಸ್ವಯಂಚಾಲನಾ ವೇದಿಕೆಗಳ ಜತೆ ಬೆಸೆಯುವುದು ಹೇಗೆಂದು ತಿಳಿಸುವ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಯಾರಾದರೂ ಹೊಸ ಕೋಡ್ ಸೇರಿಸಿದೊಡನೆ ತಂಡಕ್ಕೆ ಸಂದೇಶ ಹೋಗಬೇಕು, ದೋಷದ ದೂರು ದಾಖಲಾದೊಡನೆ ಪಟ್ಟಿಯಲ್ಲೊಂದು ಸಾಲು ಮೂಡಬೇಕು, ಅಷ್ಟೇ ಕೆಲಸ. ತಂತ್ರದ ಭಾಗ ಸಲೀಸಾಗಿ ಸಾಗಿದೆ, ಪದಗಳೇ ಹಠ ಹಿಡಿದಿವೆ.

ಮೊದಲನೆಯದು ‘ಕನೆಕ್ಟ್’. ಇದಕ್ಕೆ ‘ಸಂಪರ್ಕಿಸಿ’ ಎಂದು ಬರೆಯುವ ರೂಢಿಯಿದೆ. ನಾವು ಸಂಪರ್ಕಿಸುವುದು ಮನುಷ್ಯರನ್ನು, ಹೆಚ್ಚೆಂದರೆ ಕಚೇರಿಯನ್ನು. ‘ನಿಮ್ಮ ರೆಪೊಸಿಟರಿಯನ್ನು ಸಂಪರ್ಕಿಸಿ’ ಎಂದು ಓದಿದವರು ಅದರ ದೂರವಾಣಿ ಸಂಖ್ಯೆ ಹುಡುಕಿಯಾರು. ‘ಜೋಡಿಸು’ ವಾಸಿ. ಆದರೆ ಯಾವ ವಿಭಕ್ತಿಯ ಜತೆ? ‘ಬೋಗಿಯನ್ನು ರೈಲಿಗೆ ಜೋಡಿಸಿದರು’ ಎಂದಾಗ ಬೋಗಿ ರೈಲಿನ ಭಾಗವಾಗಿಬಿಡುತ್ತದೆ. ರೆಪೊಸಿಟರಿ ಇದ್ದಲ್ಲೇ ಇರುತ್ತದೆ. ವೇದಿಕೆಗೆ ಸಿಗುವುದು ಟೋಕನ್ (ಕೀಲಿಯಂತೆ ಕೆಲಸ ಮಾಡುವ ಅಕ್ಷರಗಳ ಸಾಲು) ಮೂಲಕ ಕೊಟ್ಟ ಅನುಮತಿ ಮಾತ್ರ. ಅದನ್ನು ಓದುವುದಕ್ಕಷ್ಟೇ ಎಂದು ಮಿತಿಗೊಳಿಸಬಹುದು, ಬೇಡವೆನಿಸಿದಾಗ ಹಿಂತೆಗೆದುಕೊಳ್ಳಬಹುದು. ಆದ್ದರಿಂದ ‘ವೇದಿಕೆಯೊಂದಿಗೆ ಜೋಡಿಸಿ’ ಎಂಬುದೇ ಸರಿ ಎಂದು ನನ್ನ ವಾದ. ‘ವೇದಿಕೆಗೆ’ ಎಂದರೆ ಕೋಡ್ ಕೈಬಿಟ್ಟು ಹೋಯಿತೇನೋ ಎಂಬ ಅಳುಕು ಹುಟ್ಟುತ್ತದೆ.

ದೊಡ್ಡ ತೊಡಕು ‘ವೆಬ್‌ಹುಕ್’. 2007ರಲ್ಲಿ ಜೆಫ್ ಲಿಂಡ್ಸೆ ಚಲಾವಣೆಗೆ ತಂದ ಪದವಿದು. ವೇದಿಕೆಯೇ ಆಗಾಗ ಹೋಗಿ ‘ಹೊಸದೇನಾದರೂ ಇದೆಯೇ’ ಎಂದು ವಿಚಾರಿಸಿಕೊಂಡು ಬರುವುದು ಒಂದು ಕ್ರಮ. ಘಟನೆ ನಡೆದೊಡನೆ ರೆಪೊಸಿಟರಿಯ ಕಡೆಯಿಂದಲೇ ಗೊತ್ತುಪಡಿಸಿದ ವಿಳಾಸಕ್ಕೆ ಎಚ್‌ಟಿಟಿಪಿ ಕೋರಿಕೆ (ಜಾಲದಲ್ಲಿ ಮಾಹಿತಿ ಸಾಗಿಸುವ ಸಂದೇಶ) ಬರುವುದು ಇನ್ನೊಂದು. ಎರಡನೆಯದೇ ವೆಬ್‌ಹುಕ್. ಗಿಟ್‌ಹಬ್ ಕಳುಹಿಸಿದ ಸುದ್ದಿಗೆ 10 ಸೆಕೆಂಡುಗಳೊಳಗೆ ‘ತಲುಪಿತು’ ಎಂಬ ಉತ್ತರ ಹೋಗದಿದ್ದರೆ ಆ ರವಾನೆ ವಿಫಲವೆಂದು ದಾಖಲಾಗುತ್ತದೆ, ತಾನಾಗಿ ಮತ್ತೊಮ್ಮೆ ಹೊರಡುವುದೂ ಇಲ್ಲ. ನಡುವೆ ಯಾರೂ ಸುಳ್ಳು ಸುದ್ದಿ ತೂರಿಸದಂತೆ, ಎರಡೂ ಕಡೆಗಷ್ಟೇ ಗೊತ್ತಿರುವ ಗುಟ್ಟಿನ ಪದದಿಂದ ಅದಕ್ಕೆ ಸಹಿ ಹಾಕಿಸಬಹುದು. ಎಲ್ಲವೂ ಸುದ್ದಿ ಮುಟ್ಟಿಸುವ ಕೆಲಸ. ಹುಕ್ಕಿನ ಚಿತ್ರ ಇದರಲ್ಲಿ ಎಲ್ಲಿಯೂ ಇಲ್ಲ.

ಹಾಗಿದ್ದೂ ಸ್ನೇಹಿತರೊಬ್ಬರು ‘ಜಾಲಕೊಕ್ಕೆ’ ಎಂದು ಸೂಚಿಸಿದ್ದಾರೆ. ಕನ್ನಡದಲ್ಲಿ ಕೊಕ್ಕೆ ಹಾಕುವುದೆಂದರೆ ನಡೆಯುತ್ತಿರುವ ಕೆಲಸವನ್ನು ನಿಲ್ಲಿಸುವುದು. ‘ರೆಪೊಸಿಟರಿಗೆ ಜಾಲಕೊಕ್ಕೆ ಹಾಕಿ’ ಎಂಬ ಸೂಚನೆ ಪಾಲಿಸಲು ಯಾರಿಗೆ ಧೈರ್ಯ ಬಂದೀತು! ನನ್ನ ಮನಸ್ಸು ‘ಸುದ್ದಿಕರೆ’ಯ ಕಡೆಗಿದೆ. ಅದರಲ್ಲೂ ಒಂದು ಪೇಚು: ಆದೇಶಸಂಧಿ ಮಾಡಿದರೆ ‘ಸುದ್ದಿಗರೆ’ಯಾಗಿ, ಮಳೆಗರೆದಂತೆ ಸುದ್ದಿ ಸುರಿಯುವ ಭಾಸವಾಗುತ್ತದೆ. (ತಂಡ ದೊಡ್ಡದಿದ್ದಾಗ ಅದು ನಿಜವೂ ಹೌದು.) ಸಂಧಿ ಬಿಟ್ಟು ಬರೆದರೆ ವೈಯಾಕರಣರು ಮುನಿಸಿಕೊಳ್ಳುವರೇ?

ಕೆಲಸ ಶುರುವಾಗಲು ಕಾರಣವಾಗುವ ‘ಟ್ರಿಗರ್’ಗೆ ‘ಪ್ರಚೋದಕ’ ಬೇಡ. ಪ್ರಚೋದನಕಾರಿ ಭಾಷಣದ ವಾಸನೆ ಹೊಡೆಯುತ್ತದೆ. ಬಂದೂಕಿನ ‘ಕುದುರೆ’ ಸೊಗಸಾಗಿದೆಯಾದರೂ ಇಲ್ಲಿ ಓಡಲಾರದು. ‘ಚಾಲನೆ’ ಎಲ್ಲರಿಗೂ ಗೊತ್ತು, ಅದನ್ನೇ ಇಟ್ಟುಕೊಂಡಿದ್ದೇನೆ. ಒಂದರ ಹಿಂದೊಂದು ನಡೆಯುವ ಕೆಲಸಗಳ ಸಾಲಾದ ‘ವರ್ಕ್‌ಫ್ಲೋ’ಗೆ ‘ಕಾರ್ಯಸರಣಿ’. ಕೋಡನ್ನು ರೆಪೊಸಿಟರಿಗೆ ಕಳುಹಿಸುವ ‘ಪುಷ್’ ಅನ್ನು ‘ತಳ್ಳು’ ಎಂದರೆ ತಳ್ಳಿಹಾಕಿದಂತಾಗುವುದರಿಂದ ‘ಸೇರಿಸು’ ಎಂದು ಬರೆದಿದ್ದೇನೆ. ‘ರೆಪೊಸಿಟರಿ’ಯನ್ನು ಹಾಗೆಯೇ ಬಿಟ್ಟಿದ್ದೇನೆ: ಭಂಡಾರ, ಕಣಜ ಎರಡರಲ್ಲೂ ಕೂಡಿಟ್ಟ ರಾಶಿ ಕಾಣುತ್ತದೆಯೇ ಹೊರತು, ಯಾರು ಯಾವಾಗ ಏನನ್ನು ತಿದ್ದಿದರು ಎಂಬ ಚರಿತ್ರೆ ಕಾಣುವುದಿಲ್ಲ.

ಪದಗಳನ್ನು ಬಿಡಿಬಿಡಿಯಾಗಿ ಕಳುಹಿಸಬೇಡಿ, ವಾಕ್ಯದಲ್ಲಿ ಕೂರಿಸಿ ತೋರಿಸಿ. ಕೈಪಿಡಿಯಲ್ಲಿ ಸದ್ಯ ಅರ್ಧಕ್ಕೆ ನಿಂತಿರುವ ಸಾಲು ಇದು: ‘ಯಾರಾದರೂ ಕೋಡ್ ಸೇರಿಸಿದೊಡನೆ ರೆಪೊಸಿಟರಿಯಿಂದ ……… ಹೊರಟು, ಕಾರ್ಯಸರಣಿಗೆ ಚಾಲನೆ ಸಿಗುತ್ತದೆ.’